ಶಾಲೆಯ ಅಂಗಳದಲ್ಲಿ ವಿಶ್ವಪೌರತ್ವ

ವಿಶ್ವಪೌರತ್ವ, ಸುಸ್ಥಿರತೆ ಎಂಬ ಮಾತುಗಳು ಇಂದು ಪ್ರೌಢಶಾಲೆಗಳ ವೇದಿಕೆಯನ್ನೂ ಏರಿವೆ. 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ 17 ಗುರಿಗಳ ಪೈಕಿ ಶಿಕ್ಷಣದ ಗುರಿಯು ಇವೆರಡನ್ನೂ ಮಕ್ಕಳಿಗೆ ಕಲಿಸಬೇಕೆಂದು ಹೇಳುತ್ತದೆ. ಪರಿಸರದ ಪಾಠ ಶಾಲೆಗಳಲ್ಲಿ ಇರಲೇಬೇಕೆಂಬುದು ಭಾರತದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ನೀಡಿದ ನಿರ್ದೇಶನ. ಆದಕಾರಣ ಜೂನ್ 5ರ ವಿಶ್ವ ಪರಿಸರ ದಿನವನ್ನು ಶಾಲೆಗಳು ಆಚರಿಸುವುದು ಉಚಿತವೇ ಆಗಿದೆ. ಆಚರಣೆಯ ರೀತಿ ಯಾವುದಿರಬೇಕೆಂಬುದು ಮಾತ್ರ ವಿಚಾರಣೀಯ.

ಹುಮನಾಬಾದಿನ ಮಕ್ಕಳಿಗೆ ಲೋಕವು ದೂರದ್ದಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ ಊರಿನ ಮಗ್ಗುಲಲ್ಲಿಯೇ ಹಾಯುತ್ತದೆ. ಸುತ್ತಲಿನ ಹೊಲಗಳಲ್ಲಿ ಬೆಳೆಯುವ ತೊಗರಿಯ ಧಾರಣೆ ಅಡತಿ ಅಂಗಡಿಯಲ್ಲಿ ನಿಶ್ಚಯವಾದಂತೆ ಕಂಡರೂ ಮ್ಯಾನ್ಮಾರ್, ಮೊಜಾಂಬಿಕ್, ಟಾಂಜಾನಿಯಾಗಳ ಫಸಲು ಅದನ್ನು ಏರಿಳಿಸುತ್ತದೆ. ತೊಗರಿ ಆಮದಿಗಾಗಿ ಭಾರತವು 2016ರಲ್ಲಿ ಮೊಜಾಂಬಿಕ್‌ನೊಡನೆ ಒಪ್ಪಂದವನ್ನೇ ಮಾಡಿಕೊಂಡಿತು. ಅಲ್ಲಿಯ ರೈತನ ಮಗನೂ ಇಲ್ಲಿಯ ರೈತನ ಮಗನೂ ಒಂದೇ ಧಾರಣೆಯನ್ನು, ಮಳೆಯ ಕುರಿತಾದ ಒಂದೇ ಚಿಂತೆಯನ್ನು ಹಂಚಿಕೊಂಡಿದ್ದಾರೆ. ಇದನ್ನು ಅರಿತ ವಿದ್ಯಾರ್ಥಿಗೆ ವಿಶ್ವಪೌರತ್ವದ ಮೊದಲ ಪಾಠವಾದಂತೆಯೇ ಸರಿ.

ಬಸವಕಲ್ಯಾಣದ ಮಕ್ಕಳಿಗಂತೂ ಈ ಪಾಠ ನೆಲದಲ್ಲಿಯೇ ಇದೆ. ಕಲ್ಯಾಣದ ಚಾಲುಕ್ಯರ ಈ ರಾಜಧಾನಿಗೆ, ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ, ಕವಿ ಬಿಲ್ಹಣ ಕಾಶ್ಮೀರದಿಂದ ಬಂದನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಇಲ್ಲಿ ಸೌದೆ ಮಾರಿ ಬಾಳಿದನೆಂದು ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆಯೂ ಪ್ರಸಿದ್ಧವಾದುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆತನು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಪತ್ನಿ ಲಕ್ಕಮ್ಮನು ಮಿಕ್ಕಿದ್ದನ್ನು ಹಿಂದಕ್ಕೆ ಸುರಿದು ಬರುವಂತೆ ತಿದ್ದಿದಳು. ಸುಸ್ಥಿರತೆಗೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ದೊರೆಯುವುದು ಕಷ್ಟ.

ಜೈನ ಶ್ರಾವಕಾಚಾರದಲ್ಲಿಯೂ ಇದೇ ವಿವೇಕವಿದೆ. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬುದು ತತ್ತ್ವಾರ್ಥಸೂತ್ರದ ತಿಳಿವಳಿಕೆ. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವುಗಳನ್ನು ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಭೋಗೋಪಭೋಗಗಳಿಗೆ ಮಿತಿಯನ್ನು ಹಾಕಿಕೊಳ್ಳುವುದೂ ಗೃಹಸ್ಥನ ವ್ರತವೇ.

ಇಷ್ಟೆಲ್ಲ ಇದ್ದೂ ಅನೇಕ ಕಡೆ ಪರಿಸರೋತ್ಸವವು ಫ್ಲೆಕ್ಸ್ ಫಲಕ, ಥರ್ಮಾಕೋಲ್ ಅಲಂಕಾರ, ಬಿಸಾಡುವ ಲೋಟಗಳೊಂದಿಗೆ ನಡೆಯುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ತಟ್ಟೆ-ಲೋಟಗಳು 2016ರಲ್ಲಿಯೇ ನಿಷೇಧಗೊಂಡವು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಯಿತು. ವೇದಿಕೆಯ ಮೇಲೆ ಭೂರಕ್ಷಣೆಯ ಭಾಷಣ, ವೇದಿಕೆಯ ಹಿಂದೆ ಕಸದ ರಾಶಿ: ಮಕ್ಕಳು ಎರಡನ್ನೂ ನೋಡುತ್ತಾರೆ. ಅವರ ಮನಸ್ಸಿನಲ್ಲಿ ನಿಲ್ಲುವುದು ಕಂಡದ್ದೇ ಹೊರತು ಕೇಳಿದ್ದಲ್ಲ. ಮಾತಿಗೂ ನಡತೆಗೂ ಸಂಬಂಧವಿರಬೇಕಾಗಿಲ್ಲವೆಂದು ಒಮ್ಮೆ ಕಲಿತ ಮಗುವಿಗೆ ಬೇರೆ ಯಾವ ನೀತಿಯನ್ನು ಬೋಧಿಸಿದರೂ ಫಲ ಅಲ್ಪ. ಇಲ್ಲಿಯ ನಿಜವಾದ ನಷ್ಟ ಇದೇ.

ಪರಿಹಾರವು ವ್ಯಾಪಾರಿಗೆ ಪರಿಚಿತವಾದ ಜಮಾಖರ್ಚಿನಲ್ಲಿದೆ. 400 ಮಕ್ಕಳಿರುವ ಶಾಲೆಯಲ್ಲಿ ವರ್ಷಕ್ಕೆ 10 ಸಮಾರಂಭಗಳೆಂದರೆ 4,000 ಲೋಟಗಳು ಕಸಕ್ಕೆ ಹೋಗುತ್ತವೆ. 400 ಸ್ಟೀಲ್ ಲೋಟಗಳನ್ನು ಒಮ್ಮೆ ಕೊಂಡರೆ ಅನೇಕ ವರ್ಷ ಬಾಳುತ್ತವೆ. ನಲ್ಲಿಯೊಂದು ನಿಮಿಷಕ್ಕೆ 10 ಮಿಲಿಲೀಟರ್ ಸೋರಿದರೆ ವರ್ಷಕ್ಕೆ 5,256 ಲೀಟರ್ ನಷ್ಟ. ಈ ಲೆಕ್ಕವನ್ನು ಎಂಟನೆಯ ತರಗತಿಯ ಮಕ್ಕಳೇ ಬರೆದು ಗೋಡೆಗೆ ಹಚ್ಚಲಿ. ನೆಟ್ಟ ಸಸಿಗಳೆಷ್ಟು, ಮರುವರ್ಷ ಉಳಿದವೆಷ್ಟು ಎಂಬುದೂ ಆ ಲೆಕ್ಕದಲ್ಲಿ ಸೇರಲಿ. ಬೀದರಿನ ನೌಬಾದಿಗೆ ಮಕ್ಕಳನ್ನು ಕರೆದೊಯ್ದು ಬಹಮನಿ ಕಾಲದ ಸುರಂಗಬಾವಿಯನ್ನು ತೋರಿಸಲಿ. ಪಾರಸಿಕ ದೇಶದ ವಿದ್ಯೆ ಇಲ್ಲಿಯ ಜಂಬಿಟ್ಟಿಗೆಯ ನೆಲದಲ್ಲಿ ನೀರುಣಿಸಿದ ಬಗೆ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಶಾಲೆಗಳಿಗೆ ದಾನ ನೀಡುವ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಈ ವಿಷಯದಲ್ಲಿ ಮುಂದಾಗಬೇಕು. ದಾನಿಯ ಭಾವಚಿತ್ರವುಳ್ಳ ಫಲಕಕ್ಕೆ ಹಣ ಕೊಡುವ ಬದಲು ಲೋಟಗಳಿಗೆ, ನಲ್ಲಿಯ ದುರಸ್ತಿಗೆ, ಮಳೆನೀರಿನ ತೊಟ್ಟಿಗೆ ಕೊಡಲಿ. ಪೂಜೆ, ಪಂಚಕಲ್ಯಾಣಗಳ ಊಟದ ಪಂಕ್ತಿಯಲ್ಲಿಯೂ ಅದೇ ನಿಯಮ ನಡೆಯಲಿ. ಹಿರಿಯರು ನಡೆದಲ್ಲಿ ಕಿರಿಯರು ತಾವಾಗಿಯೇ ನಡೆಯುವರು.