ಕಾಗಿನೆಲೆಯ ಆರ್ಕಿಡ್‌ಗೆ ಗ್ಯಾಸ್ ಬೇಕಾ?

ಆಷಾಢದಲ್ಲಿ ಬ್ಯಾಡಗಿ ದಾಟಿ ಕಾಗಿನೆಲೆ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಗೋವಿನಜೋಳದ ಹಸಿರು. ನಡುನಡುವೆ ಹತ್ತಿ, ಮೆಣಸಿನಕಾಯಿ ಹೊಲ. ಊರು ಮುಟ್ಟಿದರೆ ದೊಡ್ಡ ಕೆರೆ, ಆದಿಕೇಶವನ ಗುಡಿ, ಕನಕದಾಸರ ಗದ್ದುಗೆ. ಬಂದವರು ಸಾಮಾನ್ಯವಾಗಿ ಇಷ್ಟು ನೋಡಿಕೊಂಡು ಹೊರಡ್ತಾರೆ. ನಾನು ಈ ಸಲ ಹೋಗಿದ್ದು ಬೇರೆಯದೇ ಕಾರಣಕ್ಕೆ.

ಚಿಗವ್ವನ ಮಗ ಫೋನ್ ಮಾಡಿದ್ದ. "ಅಣ್ಣಾ, ಆರ್ಕಿಡ್‌ಗೆ ಕಾರ್ಬನ್ ಡೈಆಕ್ಸೈಡ್ ಕೊಟ್ರ ಲಗೂ ಹೂ ಬಿಡ್ತಾವಂತ. ಎರಡು ಕೆ.ಜಿ. ಸಿಲಿಂಡರ್ ನೋಡೇನಿ. ನೀ ಎಂಜಿನಿಯರ್ ಅದಿ, ಲೆಕ್ಕಾ ಹಾಕಿ ಹೇಳು."

ನಾನು ಬರೆಯೋದು ಸಾಫ್ಟ್‌ವೇರ್. ಸಿಲಿಂಡರಿಗೂ ನನಗೂ ದೂರದ ನೆಂಟಸ್ತಿಕೆ. ಆದರೆ ಅವನ ಫಲೆನಾಪ್ಸಿಸ್ ಕುಂಡಗಳಿರುವ ಕೋಣೆಯಲ್ಲೇ ಅಜ್ಜಿ ಮಲಗೋದು. ಅಜ್ಜಿಗೆ ದಮ್ಮಿನ ತೊಂದರೆ. ಮಳೆ ಗಾಳಿ ತಾಗಬಾರದು ಅಂತ ರಾತ್ರಿ ಕಿಟಕಿ, ಬಾಗಿಲು ಎರಡೂ ಬಂದ್. ಹಾಗಾಗಿ ಫೋನಿನಲ್ಲೇ ಹೂಂ ಅನ್ನಲು ಮನಸ್ಸಾಗದೆ ಶನಿವಾರ ಬಸ್ ಹತ್ತಿದೆ.

ಗುಡಿಗೆ ಹೋಗಿ ಬಂದು ಕೆರೆ ಏರಿ ಮೇಲೆ ಇಬ್ಬರೂ ಕುಂತೆವು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ನಡೆದು ಕೊನೆಗೆ ರಾಗಿ ಗೆಲ್ಲುವ ಕಥೆ ನಮಗೆಲ್ಲ ಗೊತ್ತು. ಸಸ್ಯಶಾಸ್ತ್ರದಲ್ಲೂ ಇವೆರಡರ ಜಾತಕ ಬೇರೆ ಬೇರೆ. ಭತ್ತ, ಹತ್ತಿ, ಮೆಣಸಿನಕಾಯಿ ಒಂದು ಗುಂಪು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಇವು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ರಾಗಿ, ಗೋವಿನಜೋಳ ಇನ್ನೊಂದು ಗುಂಪು. ಎಲೆಯೊಳಗೇ ಆ ಅನಿಲವನ್ನು ಒಟ್ಟುಮಾಡಿಕೊಳ್ಳುವ ಏರ್ಪಾಡು ಇವಕ್ಕಿದೆ, ಹೊರಗಿನಿಂದ ಕೊಟ್ಟರೆ ಅಷ್ಟೇನೂ ಲಾಭವಿಲ್ಲ.

ಫಲೆನಾಪ್ಸಿಸ್‌ನಂಥ ದಪ್ಪ ಎಲೆಯ ಆರ್ಕಿಡ್‌ಗಳದು ಮೂರನೇ ದಾರಿ. ಮರದ ಕೊಂಬೆಯ ಮೇಲೆ ಬೆಳೆಯುವ ಇವಕ್ಕೆ ನೀರು ಉಳಿಸುವುದೇ ದೊಡ್ಡ ಚಿಂತೆ. ಹಾಗಾಗಿ ಹಗಲು ಎಲೆಯ ರಂಧ್ರ ಮುಚ್ಚಿ, ರಾತ್ರಿ ತೆರೆಯುತ್ತವೆ. ರಾತ್ರಿ ಹೀರಿದ ಕಾರ್ಬನ್ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಬೆಳಕು ಬಂದ ಮೇಲೆ ಅಡುಗೆಗೆ ಬಳಸುತ್ತವೆ. ಕಾಡುಬಸಳೆಯದೂ ಇದೇ ಪದ್ಧತಿ. ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ. ಇದನ್ನು ನಾಲಿಗೆಯಿಂದಲೇ ಗುರುತಿಸಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದವರು ಬೆಂಜಮಿನ್ ಹೇನ್. ಆ ಬರಹ 1815ರಲ್ಲಿ ಅಚ್ಚಾಯಿತು. ನಮ್ಮ ಬೆಂಗಳೂರಿನ ಲಾಲ್‌ಬಾಗನ್ನು 1800ರ ಆಸುಪಾಸಿನಲ್ಲಿ ನೋಡಿಕೊಳ್ಳುತ್ತಿದ್ದವರೂ ಇವರೇ!

"ಹಂಗಾದ್ರ ಗ್ಯಾಸ್ ರಾತ್ರಿನ ಕೊಡಬೇಕು" ಅಂದ ತಮ್ಮ. ಮಾತು ಸರಿಯೇ. ಆದರೆ ರಾತ್ರಿ ಆ ಕೋಣೆಯಲ್ಲಿ ಅಜ್ಜಿ ಇರ್ತಾಳೆ. ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆವು.

ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆ ಅಂದರೆ ಸುಮಾರು 28,000 ಲೀಟರ್ ಗಾಳಿ. ಈಗಿನ ಹೊರಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಕಾರ್ಬನ್ ಡೈಆಕ್ಸೈಡ್ ಇದೆ. ಕೋಣೆಯ ಪಾಲಿಗೆ ಸುಮಾರು 12 ಲೀಟರ್. ಮಲಗಿದ ಒಬ್ಬ ಮನುಷ್ಯ ಒಂದು ತಾಸಿಗೆ ಬಿಡುವುದೂ ಹೆಚ್ಚುಕಡಿಮೆ ಅಷ್ಟೇ! ವಾಣಿಜ್ಯ ಹಸಿರುಮನೆಗಳಲ್ಲಿ ದುಡ್ಡು ಸುರಿದು ಮುಟ್ಟಿಸುವ ಮಟ್ಟ 800ರಿಂದ 1,000. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಜ್ಜಿ ಎರಡು ತಾಸು ನಿದ್ದೆ ಮಾಡಿದರೆ ಅದು ಪುಕ್ಕಟೆ.

ಸಕ್ಕರೆ ನೀರಿಗೆ ಯೀಸ್ಟ್ ಹಾಕುವ ಬಾಟಲಿ ಉಪಾಯವೂ ಅವನ ತಲೆಯಲ್ಲಿತ್ತು. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 57 ಲೀಟರ್ ಅನಿಲ. ಎರಡು ವಾರಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ಲೀಟರ್. ಅಜ್ಜಿಯ ಇಪ್ಪತ್ತು ನಿಮಿಷದ ಉಸಿರು, ಅಷ್ಟೇ.

ಸಿಲಿಂಡರ್ ಲೆಕ್ಕ ಬಂದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಎರಡು ಕೆ.ಜಿ. ಅಂದರೆ ಸುಮಾರು 1,100 ಲೀಟರ್. ವಾಲ್ವ್ ಸಡಿಲಾಗಿ ಅಷ್ಟೂ ಒಮ್ಮೆಲೇ ಮುಚ್ಚಿದ ಕೋಣೆಗೆ ಬಿದ್ದರೆ ಗಾಳಿಯ ಶೇ 4ರಷ್ಟು ಅದೇ ಆಗುತ್ತದೆ. ಜೀವಕ್ಕೆ ತಕ್ಷಣದ ಅಪಾಯ ಎಂದು ಕೈಗಾರಿಕಾ ಸುರಕ್ಷತೆಯವರು ಗೆರೆ ಎಳೆದಿರುವುದೂ ಶೇ 4ಕ್ಕೇ. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ಮೊದಲು ನೆಲದ ಹತ್ತಿರವೇ ಕೂಡುತ್ತದೆ. ಅಜ್ಜಿ ಮಲಗೋದು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ.

ತಮ್ಮ ಒಂದು ಕಲ್ಲು ತಗೊಂಡು ಕೆರೆಗೆ ಎಸೆದ. "ಬ್ಯಾಡ ಬಿಡಣ್ಣಾ" ಅಂದ.

ಹಾಗಾದರೆ ಹೂ ಬಿಡಿಸೋದು ಹೇಗೆ? ಫಲೆನಾಪ್ಸಿಸ್‌ಗೆ ಹೂದಂಟು ಹೊರಡಿಸುವುದು ಮುಖ್ಯವಾಗಿ ತಂಪು. ಕೆಲವು ವಾರ ವಾತಾವರಣ ತಂಪಾಗಿರಬೇಕು, ಬೆಳಕು ಸಾಕಷ್ಟಿರಬೇಕು, ಬೇರು ಕೊಳೆಯುವಷ್ಟು ನೀರು ನಿಲ್ಲಬಾರದು. ಕಾಗಿನೆಲೆಯಲ್ಲಿ ಆ ತಂಪು ಕಾರ್ತಿಕದಲ್ಲಿ ತಾನಾಗಿಯೇ ಬರುತ್ತದೆ, ಕನಕ ಜಯಂತಿ ಹೊತ್ತಿಗೆ.

ಅವತ್ತೇ ಸಂಜೆ ಕುಂಡಗಳನ್ನೆಲ್ಲ ಪೂರ್ವದ ಪಡಸಾಲೆಗೆ ಸಾಗಿಸಿದೆವು. ಅಜ್ಜಿಯ ಕೋಣೆಯ ಕಿಟಕಿಯನ್ನೂ ಒಂದು ಗೇಣು ತೆರೆದಿಟ್ಟೆವು. ಅಜ್ಜಿ ಖಾಲಿ ಮೂಲೆ ನೋಡಿ, "ನನ್ನ ಉಸಿರಿನ ಮ್ಯಾಲೆ ಬದುಕಿದ್ದೂ ಏನ್ ಇವು? ಹಂಗಾರ ಮೊದಲನೇ ಹೂವು ನನಗ ತಂದು ಕೊಡ್ರಿ" ಅಂದಳು.