ಕಿಟಕಿಯಾಚೆಯ ಹಲಗೆ

ಅಕ್ಷರವನ್ನು ಬರೆಯುವುದು ಸುಲಭ. ಬರೆದದ್ದನ್ನು ತಿದ್ದುವುದೇ ಕಷ್ಟ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಸಿಂಗಟಗೆರೆಯ ಮೇಷ್ಟರೊಬ್ಬರಿಗೆ ಈ ಮಾತು ಚೆನ್ನಾಗಿ ಗೊತ್ತಿತ್ತು. ಅವರ ಮೊಮ್ಮಗನಿಗೆ ಅದು ಗೊತ್ತಾದದ್ದು ಅಜ್ಜಿಯ ವರ್ಷಾಬ್ದಿಕದ ಹಿಂದಿನ ಸಂಜೆ.

ಮೊಮ್ಮಗನದು ಬೆಂಗಳೂರಿನಲ್ಲಿ ಮದುವೆ ಮುಂಜಿಗಳ ವಿಡಿಯೋ ಚಿತ್ರಗಳನ್ನು ಸಂಕಲನ ಮಾಡಿಕೊಡುವ ಉದ್ಯೋಗ. ಮನೆಯ ಹಳೆಯ ಸಮಾರಂಭಗಳ ಚಿತ್ರಗಳಲ್ಲಿ ಅಜ್ಜಿ ಕಾಣಿಸಿಕೊಂಡ ತುಣುಕುಗಳನ್ನೆಲ್ಲ ಹುಡುಕಿ ತೆಗೆದು, ಇಪ್ಪತ್ತು ನಿಮಿಷದ ಒಂದು ಚಿತ್ರವನ್ನು ಅವನು ಹೊಂದಿಸಿದ್ದ. ಕಡೂರಿನಲ್ಲಿ ರೈಲಿನಿಂದಿಳಿದು, ಬಸ್ಸು ಹಿಡಿದು ಊರು ಸೇರುವವರೆಗೂ ಲ್ಯಾಪ್‌ಟಾಪ್ ಅವನ ತೊಡೆಯಿಂದ ಕೆಳಗಿಳಿಯಲಿಲ್ಲ. ಮರುದಿನ ಬಂಧುಗಳೆಲ್ಲ ಸೇರಿದಾಗ ಅದನ್ನು ತೋರಿಸುವುದೆಂದು ಏರ್ಪಾಡಾಗಿತ್ತು.

ಸಂಜೆ ನಡುಮನೆಯಲ್ಲಿ ಮನೆಯವರಿಗಷ್ಟೇ ಮೊದಲ ಪ್ರದರ್ಶನ ನಡೆಯಿತು. ಕತ್ತಲೆಯ ಪರದೆಯ ಮೇಲೆ ದೀಪ ಹೊತ್ತಿಕೊಂಡಂತೆ ಹೊಂಬಣ್ಣದ ಅಕ್ಷರಗಳು ಮೂಡಿದವು. ಸೊಸೆಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ತಾತ ಮಾತ್ರ ಕನ್ನಡಕವನ್ನು ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು.

“ನಿಲ್ಲಿಸು ಮರಿ. ಅಲ್ಲಿ ಏನು ಬರೆದಿದ್ದೀಯೆ?”

“‘ನಮ್ಮ ಅಜ್ಜಿ’ ಅಂತ, ತಾತ.”

“ಬರೆದಿರುವುದು ಹಾಗಲ್ಲ. ನೋಡಿಕೊಂಡು ಓದು.”

ಹುಡುಗ ನೋಡಿದ. ಪರದೆಯ ಮೇಲೆ ‘ನಮ್‌ಮ ಅಜ್‌ಜಿ’ ಎಂದಿತ್ತು. ಕೆಳಗೆ ಕೂರಬೇಕಾದ ಒತ್ತುಗಳೆರಡೂ ಬಿಡಿ ಅಕ್ಷರಗಳಾಗಿ ಪಕ್ಕಕ್ಕೆ ಬಂದು ನಿಂತಿದ್ದವು. ಅಷ್ಟು ಜನ ಚಿತ್ರವನ್ನು ನೋಡಿದ್ದರು. ಅಕ್ಷರವನ್ನು ನೋಡಿದವರು ತಾತ ಒಬ್ಬರೇ.

“ಮದುವೆಯಾಗಿ ಬಂದಾಗ ಅವಳಿಗೆ ಓದು ಬರುತ್ತಿರಲಿಲ್ಲ. ಈ ನಡುಮನೆಯಲ್ಲೇ ಸ್ಲೇಟು ಹಿಡಿದು ಕಲಿತಳು. ಒತ್ತಕ್ಷರ ಕೈಗೆ ಹತ್ತುವುದಕ್ಕೆ ಅವಳಿಗೆ ಒಂದು ಮಳೆಗಾಲ ಹಿಡಿಯಿತು” ಎಂದಷ್ಟೇ ಹೇಳಿ ತಾತ ಸುಮ್ಮನಾದರು. ಕೋಪಿಸಿಕೊಂಡಿದ್ದರೆ ಹುಡುಗನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ತಪ್ಪು ಆತುರದ್ದು. ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಂತರೆ ಸಾಕು. ಕನ್ನಡದಲ್ಲಿ ಅವು ಒಂದರ ಕೆಳಗೊಂದು ಕೂಡಿಕೊಳ್ಳಬೇಕು. ಅದಕ್ಕಾಗಿ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ವ್ಯವಸ್ಥೆಯನ್ನು ಮೊದಲೇ ಆರಿಸಿಕೊಳ್ಳಬೇಕಾಗುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಅವನು ಅದನ್ನು ಮರೆತಿದ್ದ.

“ಇನ್ನು ಇದನ್ನು ತಿದ್ದಲಾಗುವುದಿಲ್ಲವೇ? ಮದುವೆಯ ಕ್ಯಾಸೆಟ್ಟಿನಲ್ಲಿ ಒಮ್ಮೆ ಹೆಸರು ತಪ್ಪಿದರೆ ಆಯುಷ್ಯವೆಲ್ಲ ತಪ್ಪೇ” ಎಂದರು ಚಿಕ್ಕಪ್ಪ.

ಅವರ ಆತಂಕ ಸುಳ್ಳಲ್ಲ. ಚಿತ್ರದ ತುಣುಕುಗಳನ್ನು ಕತ್ತರಿಸಿ ಜೋಡಿಸುವುದು ಪ್ರೀಮಿಯರ್ ಎಂಬ ತಂತ್ರಾಂಶದ ಕೆಲಸ. ಅಕ್ಷರಗಳನ್ನು ಕುಣಿಸಿ ಬೆಳಗಿಸುವುದು ೧೯೯೩ರಲ್ಲಿ ಹುಟ್ಟಿದ ಆಫ್ಟರ್ ಎಫೆಕ್ಟ್ಸ್ ಎಂಬ ಇನ್ನೊಂದರ ಕೆಲಸ. ಮೊದಲು ಇದರಲ್ಲಿ ಮಾಡಿದ್ದನ್ನು ಅದಕ್ಕೆ ಕೊಡಬೇಕಾದರೆ ರೆಂಡರ್ ಮಾಡಬೇಕಾಗಿತ್ತು, ಎಂದರೆ ಪ್ರತಿಯೊಂದು ಚೌಕಟ್ಟನ್ನೂ ಲೆಕ್ಕಹಾಕಿ ಬೇರೊಂದು ಕಡತವಾಗಿ ಅಚ್ಚು ಹೊಯ್ಯಬೇಕಾಗಿತ್ತು. ಎಂಟು ಸೆಕೆಂಡಿನ ಶೀರ್ಷಿಕೆಯೆಂದರೆ, ಸೆಕೆಂಡಿಗೆ ೨೫ರಂತೆ ೨೦೦ ಚೌಕಟ್ಟುಗಳು. ೧೯೨೦ಕ್ಕೆ ೧೦೮೦ರ ಅಳತೆಯಲ್ಲಿ ಒಂದು ಚೌಕಟ್ಟಿಗೆ ೨೦,೭೩,೬೦೦ ಚುಕ್ಕೆಗಳು. ಸಂಕುಚಿಸದೆ ಇಟ್ಟರೆ ಆ ಎಂಟು ಸೆಕೆಂಡೇ ೧.೨ ಗಿಗಾಬೈಟಿಗೂ ಮಿಗಿಲು. ಒಂದು ಒತ್ತು ತಪ್ಪಿದರೆ ಮತ್ತೆ ಅಷ್ಟನ್ನೂ ಹೊಯ್ದು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಜಾಗ ಉಳಿಸಲೆಂದು ಸಂಕುಚಿಸಿದರೆ ಪ್ರತಿ ಸಲವೂ ಚಿತ್ರ ಸ್ವಲ್ಪ ಸವೆಯುತ್ತದೆ.

೨೦೦೬ರಲ್ಲಿ ಅಡೋಬಿ ಸಂಸ್ಥೆ ಈ ಎರಡು ತಂತ್ರಾಂಶಗಳ ನಡುವೆ ಡೈನಾಮಿಕ್ ಲಿಂಕ್ ಎಂಬ ಕೊಂಡಿಯನ್ನು ಹಾಕಿತು. ಮೊಮ್ಮಗ ಅದನ್ನು ತಾತನಿಗೆ ತಿಳಿಯುವ ಮಾತಿನಲ್ಲಿ ವಿವರಿಸಿದ.

“ಎರಡು ಕೊಠಡಿಯ ಶಾಲೆ ಅಂದುಕೊಳ್ಳಿ ತಾತ. ಮೊದಲು ಆ ಕೊಠಡಿಯ ಹಲಗೆಯಲ್ಲಿದ್ದುದನ್ನು ಶಾಯಿಯಲ್ಲಿ ನಕಲು ಮಾಡಿ ಈ ಕೊಠಡಿಗೆ ತರುತ್ತಿದ್ದರು. ಈಗ ನಡುವಿನ ಗೋಡೆಗೆ ಕಿಟಕಿ ಇಟ್ಟಿದ್ದಾರೆ. ನೀವು ಅಲ್ಲಿ ತಿದ್ದಿದರೆ ನನಗೆ ಇಲ್ಲಿ ತಿದ್ದಿದ್ದೇ ಕಾಣುತ್ತದೆ.”

“ಹಾಗಾದರೆ ಆ ಕೊಠಡಿಗೆ ಬೀಗ ಹಾಕಿದರೆ?”

ಮೇಷ್ಟರ ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿತ್ತು. ಶೀರ್ಷಿಕೆಯ ಮೂಲ ಕಡತವನ್ನು ಅಳಿಸಿದರೆ, ಅಥವಾ ಬೇರೆಡೆಗೆ ಸರಿಸಿ ಹೊಸ ದಾರಿ ತೋರಿಸದಿದ್ದರೆ, ಕೊಂಡಿ ಕಳಚುತ್ತದೆ. ಅಕ್ಷರಗಳಿರಬೇಕಾದ ಜಾಗ ಬರಿದಾಗುತ್ತದೆ. ಮೇಲಾಗಿ ಲೆಕ್ಕ ಹಾಕುವ ಶ್ರಮವೇನೂ ಮಾಯವಾಗುವುದಿಲ್ಲ; ಅದು ಮುಂದಕ್ಕೆ ಹೋಗುತ್ತದೆ, ಅಷ್ಟೆ. ನೋಡುವಾಗ ಯಂತ್ರ ಕೊಂಚ ತಡವರಿಸಬಹುದು. ಪೆನ್‌ಡ್ರೈವಿಗೆ ಹಾಕಿ ಎಲ್ಲರಿಗೂ ಕೊಡುವ ಕೊನೆಯ ಪ್ರತಿಯನ್ನಂತೂ ಒಮ್ಮೆ ಹೊಯ್ಯಲೇಬೇಕು.

ಹುಡುಗ ಲಿಪಿಯ ವ್ಯವಸ್ಥೆಯನ್ನು ಬದಲಿಸಿ, ಆ ಎರಡು ಪದಗಳನ್ನು ಹೊಸದಾಗಿ ಬೆರಳಚ್ಚಿಸಿದ. ಆಚೆಯ ತಂತ್ರಾಂಶಕ್ಕೆ ಹಿಂದಿರುಗುವಷ್ಟರಲ್ಲಿ ಒತ್ತುಗಳು ತಮ್ಮ ಸ್ಥಾನದಲ್ಲಿದ್ದವು. ಅಚ್ಚು ಹೊಯ್ಯಲಿಲ್ಲ, ಕಡತ ಬದಲಿಸಲಿಲ್ಲ. ತಾತ ಉಳಿದ ಶೀರ್ಷಿಕೆಗಳನ್ನೂ ಒಂದೊಂದಾಗಿ ನಿಲ್ಲಿಸಿ ಓದಿಸಿದರು. ಇನ್ನೂ ಮೂರು ತಪ್ಪುಗಳು ಸಿಕ್ಕವು. ಮೂರೂ ಅಲ್ಲಲ್ಲೇ ಸರಿಹೋದವು. ಹಳೆಯ ಪದ್ಧತಿಯಾಗಿದ್ದರೆ ಎರಡನೆಯ ತಪ್ಪಿಗೇ ಹುಡುಗ “ಇರಲಿ ಬಿಡಿ ತಾತ” ಎನ್ನುತ್ತಿದ್ದನೋ ಏನೋ. ತಿದ್ದುವುದು ಸುಲಭವಾದರೆ ಮನುಷ್ಯನಿಗೆ ತಪ್ಪೊಪ್ಪಿಕೊಳ್ಳುವುದೂ ಸುಲಭವಾಗುತ್ತದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೊನೆಯ ಪ್ರತಿ ಸಿದ್ಧವಾಗತೊಡಗಿತು. ನಡುವೆ ಕರೆಂಟು ಹೋಯಿತು, ಬ್ಯಾಟರಿ ಕೈಬಿಡಲಿಲ್ಲ. ತಾತ ಎದ್ದು ಬಂದು ಮೊಮ್ಮಗನ ಪಕ್ಕದಲ್ಲಿ ಕುಳಿತರು.

“ಅಚ್ಚಾದ ಪ್ರತಿಯನ್ನು ಅವರಿಗೆಲ್ಲ ಕೊಡು. ತಿದ್ದಲು ಬರುವ ಪ್ರತಿಯನ್ನು, ಆ ಎರಡು ಕೊಠಡಿ ಸಮೇತ, ನೀನು ಜೋಪಾನವಾಗಿ ಇಟ್ಟುಕೊ” ಎಂದರು.

ಮರುದಿನ ಹೊಂಬಣ್ಣದ ಅಕ್ಷರಗಳು ಮೂಡಿದಾಗ ತಾತನ ಬಲಗೈಯ ತೋರುಬೆರಳು ಮಂಡಿಯ ಮೇಲೆ ಮೆಲ್ಲಗೆ ಆಡುತ್ತಿತ್ತು. ‘ಮ’ ಬರೆದು ಅದರ ಕೆಳಗೆ ಒತ್ತು ಕೊಟ್ಟರು. ‘ಜಿ’ ಬರೆದು ಅದರ ಕೆಳಗೂ ಕೊಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

“ಸರಿಯಾಗಿದೆ. ಈಗ ಅವಳೂ ಓದಬಹುದು” ಎಂದರು.