ಆರೋಪಿಯ ಎರಡು ಚಿತ್ರಗಳು

ಮಂಚದ ಮೇಲೆ ದಿಂಬಿಗೆ ಒರಗಿದ ಮುದುಕ. ಬಿಳಿ ಗಡ್ಡ, ಬಳಲಿದ ಕಣ್ಣು. ಹೆಸರು ಹೇಳದೆ ತೋರಿಸಿದರೆ ಯಾರದೋ ಮನೆಯ ಕಾಯಿಲೆಯ ಅಜ್ಜ ಎಂದು ಮಕ್ಕಳು ಹೇಳಿಯಾರು. ಅವನು ದೆಹಲಿಯ ಕೊನೆಯ ಮೊಗಲ್ ಬಾದಶಹ ಬಹಾದೂರ್ ಷಾ ಜಾಫರ್.

1858ರ ಜನವರಿಯಿಂದ ಮಾರ್ಚ್‌ವರೆಗೆ ಅವನ ವಿಚಾರಣೆ ನಡೆದದ್ದು ಅವನದೇ ಕೆಂಪುಕೋಟೆಯಲ್ಲಿ, ದಿವಾನ್-ಇ-ಖಾಸ್‌ನಲ್ಲಿ. ತೀರ್ಪುಗಾರರು ಬ್ರಿಟಿಷ್ ಸೇನಾಧಿಕಾರಿಗಳು. ಅಪರಾಧಿಯೆಂದು ತೀರ್ಮಾನವಾದ ಮೇಲೆ, ರಂಗೂನಿಗೆ ಸಾಗಿಸುವ ಮುನ್ನ ಈ ಫೋಟೋ ತೆಗೆದರು. ಆಗ ಅವನಿಗೆ 82 ವರ್ಷ. ದರಬಾರಿನ ಚಿತ್ರಕಾರರು ತಲೆಯ ಸುತ್ತ ಪ್ರಭಾವಳಿ ಬರೆದು ತೋರಿಸುತ್ತಿದ್ದ ವಂಶ ಅದು! ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಕ್ಯಾಮೆರಾ ಇದ್ದದ್ದು ಗೆದ್ದವರ ಕೈಯಲ್ಲಿ.

ಅದಾಗಿ 64 ವರ್ಷಗಳ ನಂತರ, 1922ರ ಮಾರ್ಚ್ 18ರಂದು, ಅಹಮದಾಬಾದಿನ ಶಾಹಿಬಾಗ್‌ನಲ್ಲಿ ಇನ್ನೊಂದು ವಿಚಾರಣೆ. 'ಯಂಗ್ ಇಂಡಿಯಾ' ಪತ್ರಿಕೆಯ ಮೂರು ಲೇಖನಗಳಿಗಾಗಿ ಗಾಂಧೀಜಿಯವರ ಮೇಲೆ ರಾಜದ್ರೋಹದ ಆಪಾದನೆ. ಒಳಗೆ ಕ್ಯಾಮೆರಾಕ್ಕೆ ಅವಕಾಶವಿರಲಿಲ್ಲ. ಆದರೆ ಪ್ರೇಕ್ಷಕರ ನಡುವೆ ಗುಜರಾತಿನ ಚಿತ್ರಕಾರ ರವಿಶಂಕರ ರಾವಳ್ ಕುಳಿತಿದ್ದರು.

ಇಂಥ ಕಡೆ ಚಿತ್ರ ಬರೆಯುವುದು ಸುಲಭವಲ್ಲ. ಆರೋಪಿ ಯಾರಿಗೋಸ್ಕರವೂ ಅಲುಗದೆ ನಿಲ್ಲುವುದಿಲ್ಲ. ಮೊದಲು ನಿಂತ ಭಂಗಿ, ತಲೆ ಬಾಗಿದ ಬಗೆ ಹಿಡಿಯಬೇಕು. ಮೇಜು ಕುರ್ಚಿಗಳನ್ನು ಆಮೇಲೆ ಮನೆಯಲ್ಲಿ ಕುಳಿತು ಬರೆದರೂ ಆದೀತು. ಪಾಠದ ಮಧ್ಯೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೇಷ್ಟ್ರ ಮುಖ ಬರೆದ ಹುಡುಗರಿಗೆ ಈ ಕಷ್ಟ ಗೊತ್ತಿದ್ದೀತು. (ಅಂಥ ಹಾಳೆ ಕಂಡು ಸಿಡಿಮಿಡಿಗೊಳ್ಳುವ ಅಪ್ಪ ಅಮ್ಮಂದಿರು ಒಮ್ಮೆ ಮುಖ ಹೋಲುತ್ತದೆಯೇ ಎಂದಾದರೂ ನೋಡಬಾರದೆ?)

ಅಂದಿನ ಕಲಾಪ ಎರಡು ಗಂಟೆಯೂ ಹಿಡಿಯಲಿಲ್ಲ. ಗಾಂಧೀಜಿ ತಮ್ಮ ಕಸಬು ರೈತ ಮತ್ತು ನೇಕಾರ ಎಂದರು. ತಪ್ಪನ್ನು ಒಪ್ಪಿಕೊಂಡರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ತಿಲಕರ ಮೊಕದ್ದಮೆಯನ್ನು ನೆನೆದು ಆರು ವರ್ಷದ ಸಜೆ ವಿಧಿಸಿದರು. ರಾವಳರು ಅಂದು ಕಂಡದ್ದನ್ನು ವರ್ಣಚಿತ್ರವಾಗಿಯೂ ಉಳಿಸಿದರು. ತುಂಡುಪಂಚೆಯ ಆರೋಪಿ ಅದರಲ್ಲಿ ನಿಂತಿದ್ದಾರೆ. ನೋಡುವವರಿಗೆ ಕನಿಕರ ಹುಟ್ಟುವುದಿಲ್ಲ. ಜಾಫರನ ಫೋಟೋ ಎದುರಿಗೆ ಹುಟ್ಟುವುದು ಅದೊಂದೇ. ಅವನೂ ಕವಿ, ಉರ್ದು ಗಜಲುಗಳನ್ನು ಬರೆದವನು ಎಂಬುದನ್ನು ಆ ಮಂಚ ಹೇಳುವುದಿಲ್ಲ. ಅವನ ಕಡೆಯವನೊಬ್ಬ ಅಂದು ದಿವಾನ್-ಇ-ಖಾಸ್‌ನ ಮೂಲೆಯಲ್ಲಿ ಕುಂಚ ಹಿಡಿದು ಕುಳಿತಿದ್ದರೆ ಶಾಲೆಯ ಮಕ್ಕಳು ಇಂದು ಯಾವ ಮುಖ ನೋಡುತ್ತಿದ್ದರೋ!

ಗಾಂಧೀಜಿಗೆ 1924ರ ಫೆಬ್ರುವರಿಯಲ್ಲೇ ಬಿಡುಗಡೆಯಾಯಿತು. ಜಾಫರ್ 1862ರ ನವೆಂಬರ್‌ನಲ್ಲಿ ರಂಗೂನಿನಲ್ಲೇ ತೀರಿಕೊಂಡ.